ಹೊಸ ಕಂಪ್ಯೂಟರಿಗೆ ಯಾವ ತಂತ್ರಾಂಶ ಬೇಕು, ಯಾವುದು ಬೇಡ?

ಪಿಯುಸಿ ಮುಗಿಸಿದ ಮಕ್ಕಳು ಪದವಿ, ಡಿಪ್ಲೊಮಾ, ಇಂಜಿನಿಯರಿಂಗ್ ಕಾಲೇಜುಗಳಿಗೆ ಸೇರುವ ಹೊತ್ತಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ಮಾತು ಶುರುವಾಗುತ್ತದೆ. ಕೆಲವರು ಕಂತಿನ ಮೇಲೆ ಕೊಳ್ಳುತ್ತಾರೆ, ಕೆಲವರು ಒಡವೆ ಅಡವಿಡುತ್ತಾರೆ, ಇನ್ನು ಕೆಲವರಿಗೆ ದಾನಿಗಳ ನೆರವು ಒದಗುತ್ತದೆ. ಯಂತ್ರ ಆರಿಸಲು ನಾಲ್ಕು ಅಂಗಡಿ ಸುತ್ತುವ ಪೋಷಕರು, ಅದರೊಳಗೆ ಏನೇನು ಇರಬೇಕು ಎಂಬುದನ್ನು ಮಾತ್ರ ಅಂಗಡಿಯವರಿಗೇ ಬಿಟ್ಟುಬಿಡುತ್ತಾರೆ. "ಎಲ್ಲಾ ಸಾಫ್ಟ್‌ವೇರ್ ಹಾಕಿ ಕೊಡ್ತೀವಿ, ಸ್ವಲ್ಪ ಎಕ್ಸ್‌ಟ್ರಾ ಆಗುತ್ತೆ" ಎಂದರೆ ತಲೆಯಾಡಿಸಿ ದುಡ್ಡು ಕೊಟ್ಟು ಬರುತ್ತಾರೆ. ತೊಂದರೆ ಹುಟ್ಟುವುದು ಅಲ್ಲಿಂದಲೇ.

ವಿದ್ಯಾರ್ಥಿವೇತನದ ಅರ್ಜಿಗಳನ್ನು ನೋಡುವ ಕೆಲಸದಲ್ಲಿ ಕೆಲವು ವರ್ಷಗಳಿಂದ ಕೈಜೋಡಿಸುತ್ತಿರುವುದರಿಂದ, ಈ ವಿಷಯದಲ್ಲಿ ಮಕ್ಕಳೂ ಪೋಷಕರೂ ಕೇಳುವ ಪ್ರಶ್ನೆಗಳು ನನಗೆ ಪರಿಚಿತ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಮಾನ್ಯ ವಿದ್ಯಾರ್ಥಿಯೊಬ್ಬರಿಗೆ ಬೇಕಾಗುವ ತಂತ್ರಾಂಶಕ್ಕೆ ಪ್ರತ್ಯೇಕವಾಗಿ ಒಂದು ರೂಪಾಯಿಯೂ ಖರ್ಚು ಮಾಡಬೇಕಿಲ್ಲ. ಹಾಗೆಯೇ ಕದ್ದ ಪ್ರತಿಯನ್ನೂ ಹಾಕಿಸಬೇಕಿಲ್ಲ. ಇವೆರಡರ ನಡುವೆ ಮೂರನೆಯ ದಾರಿಯಿದೆ ಎಂಬುದು ನಮ್ಮ ಅನೇಕ ಮನೆಗಳಿಗೆ ಗೊತ್ತಿಲ್ಲ.

ಮೊದಲ ಪ್ರಶ್ನೆ: ಯಾರ ಇ-ಮೇಲ್?

ತಂತ್ರಾಂಶದ ಮಾತಿಗೆ ಮುಂಚೆ ಒಂದು ವಿಷಯ. ಇಂದು ಮಾರಾಟವಾಗುವ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ 11 ಹೋಮ್ ಇರುತ್ತದೆ. ಮೊದಲ ಸಲ ಆನ್ ಮಾಡಿದಾಗ ಅದು ಒಂದು ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಗಿರಾಕಿಗಳು ಸಾಲಿನಲ್ಲಿ ನಿಂತಿರುವಾಗ ಅಂಗಡಿಯ ಹುಡುಗ ಏನು ಮಾಡುತ್ತಾನೆ? ಅಂಗಡಿಯದೇ ಒಂದು ಇ-ಮೇಲ್ ಹಾಕಿ ಮುಗಿಸುತ್ತಾನೆ, ಇಲ್ಲವೇ ಅಲ್ಲೇ ಒಂದು ಹೊಸ ವಿಳಾಸ ಸೃಷ್ಟಿಸಿ ಪಾಸ್‌ವರ್ಡನ್ನು ಬಿಲ್ಲಿನ ಹಿಂದೆ ಗೀಚಿ ಕೊಡುತ್ತಾನೆ. ಅವನದು ಕೆಟ್ಟ ಉದ್ದೇಶವೇನಲ್ಲ, ಅವಸರ ಅಷ್ಟೆ. ಆದರೆ ಪರಿಣಾಮ ದೊಡ್ಡದು.

ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕ ಕೂಡಲೇ ಒಳಗಿನ ಡಿಸ್ಕಿಗೆ ತಾವಾಗಿಯೇ ಬೀಗ ಹಾಕಿಕೊಳ್ಳುತ್ತವೆ. ಇದಕ್ಕೆ ಡಿವೈಸ್ ಎನ್‌ಕ್ರಿಪ್ಶನ್ ಎನ್ನುತ್ತಾರೆ. ಒಳ್ಳೆಯ ವ್ಯವಸ್ಥೆಯೇ. ಲ್ಯಾಪ್‌ಟಾಪ್ ಕಳುವಾದರೂ ಕಳ್ಳನಿಗೆ ನಿಮ್ಮ ಕಡತಗಳು ಸಿಗುವುದಿಲ್ಲ. ಆದರೆ ಆ ಬೀಗದ ಕೀಲಿ, ಅಂದರೆ 48 ಅಂಕಿಗಳ ಒಂದು ಸಂಖ್ಯೆ, ಜಮೆಯಾಗುವುದು ಆ ಖಾತೆಯಲ್ಲಿ. ಮುಂದೊಂದು ದಿನ ಮದರ್‌ಬೋರ್ಡ್ ಬದಲಾಯಿಸಿದಾಗ ಅಥವಾ ಬಯೋಸ್ ಅಪ್‌ಡೇಟ್ ಆದಾಗ ಪರದೆ ನೀಲಿಯಾಗಿ ಆ ಕೀಲಿಯನ್ನು ಕೇಳಬಹುದು. ಖಾತೆ ಯಾರದೆಂದೇ ಗೊತ್ತಿಲ್ಲದಿದ್ದರೆ ಮೂರು ವರ್ಷದ ನೋಟ್ಸ್, ಪ್ರಾಜೆಕ್ಟು, ಫೋಟೋ ಎಲ್ಲವೂ ಆ ಬೀಗದ ಹಿಂದೆಯೇ ಉಳಿಯುತ್ತವೆ. ರಿಪೇರಿಯವನು ಮಾಡಬಹುದಾದದ್ದು ಒಂದೇ, ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದು.

ಆದ್ದರಿಂದ ಅಂಗಡಿಗೆ ಹೋಗುವಾಗಲೇ ವಿದ್ಯಾರ್ಥಿಯ ಸ್ವಂತ ಇ-ಮೇಲ್ ವಿಳಾಸ, ಅದರ ಪಾಸ್‌ವರ್ಡ್, ಮತ್ತು ಆ ಖಾತೆಗೆ ಜೋಡಿಸಿದ ಮೊಬೈಲ್ ಜೊತೆಯಲ್ಲಿರಲಿ. ಸಾಧ್ಯವಾದರೆ ಡಬ್ಬಿ ಒಡೆಯದೆ ತಂದು ಮನೆಯಲ್ಲೇ ನಿಧಾನವಾಗಿ ಆನ್ ಮಾಡಿ. ಪರದೆಯ ಮೇಲೆ ಕೇಳುವುದನ್ನು ಓದಿ ಉತ್ತರಿಸುವುದಷ್ಟೇ ಕೆಲಸ, ಎಸ್ಸೆಸ್ಸೆಲ್ಸಿ ಪಾಸಾದ ಯಾವ ಮಗುವಾದರೂ ಮಾಡಬಲ್ಲದು. ಆಮೇಲೆ ಮೈಕ್ರೋಸಾಫ್ಟ್ ಖಾತೆಯ ಪುಟಕ್ಕೆ ಹೋಗಿ, ಡಿವೈಸಸ್ ಎಂಬಲ್ಲಿ ಬಿಟ್‌ಲಾಕರ್ ರಿಕವರಿ ಕೀ ಇದ್ದರೆ ಅದನ್ನು ಒಂದು ಹಾಳೆಯಲ್ಲಿ ಬರೆದು ಮಾರ್ಕ್ಸ್ ಕಾರ್ಡ್ ಇಡುವ ಫೈಲಿನಲ್ಲಿಡಿ. ಪಾಸ್‌ವರ್ಡನ್ನು ನೋಟ್‌ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡುವುದನ್ನು ಕೆಲವರು ನಗುತ್ತಾರೆ. ನನಗೇನೂ ಅದು ನಗುವ ವಿಷಯವಾಗಿ ಕಾಣುವುದಿಲ್ಲ. ಇಂಟರ್ನೆಟ್ಟಿನ ಕಳ್ಳ ನಿಮ್ಮ ಬೀರು ತೆಗೆಯಲಾರ.

ಒಳಗೆ ಮೊದಲೇ ಇರುವುದು

ಹೊಸ ಯಂತ್ರದಲ್ಲಿ ಬೇಕಾದದ್ದು ಎಷ್ಟೋ ಮೊದಲೇ ಇರುತ್ತದೆ, ಬೇಡವಾದದ್ದೂ ಇರುತ್ತದೆ. ಆ್ಯಂಟಿವೈರಸ್ ಮಾತನ್ನೇ ತೆಗೆದುಕೊಳ್ಳೋಣ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ವೈರಸ್ ತಡೆ ವ್ಯವಸ್ಥೆ ಒಳಗೇ ಇದೆ, ತಾನಾಗಿಯೇ ನವೀಕರಿಸಿಕೊಳ್ಳುತ್ತದೆ, ಅದಕ್ಕೆ ಶುಲ್ಕವಿಲ್ಲ. ವಿದ್ಯಾರ್ಥಿಯ ಬಳಕೆಗೆ ಅದು ಸಾಕು. ತಯಾರಕರು ಕೆಲವೊಮ್ಮೆ ಬೇರೊಂದು ಆ್ಯಂಟಿವೈರಸ್ಸನ್ನು ಒಂದು ತಿಂಗಳ ಪ್ರಾಯೋಗಿಕ ಪ್ರತಿಯಾಗಿ ತುಂಬಿ ಕಳಿಸಿರುತ್ತಾರೆ. ತಿಂಗಳು ಕಳೆದ ಮೇಲೆ ಅದು ದಿನಾ ಹೆದರಿಸುತ್ತದೆ, "ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಹಣ ಕಟ್ಟಿ" ಎಂದು. ಕಟ್ಟಬೇಡಿ. ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗಕ್ಕೆ ಹೋಗಿ ಅದನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಡಿಫೆಂಡರ್ ತಾನೇ ಕೆಲಸಕ್ಕೆ ಇಳಿಯುತ್ತದೆ. ನಂತರ ವಿಂಡೋಸ್ ಅಪ್‌ಡೇಟ್ ಒತ್ತಿ, ಇರುವ ಅಪ್‌ಡೇಟ್‌ಗಳೆಲ್ಲ ಮುಗಿಯುವವರೆಗೆ ಕಾಯಿರಿ. ಮೊಬೈಲ್ ಡೇಟಾದಲ್ಲಿ ಇದು ದುಬಾರಿ, ವೈಫೈ ಇರುವ ಸಂಬಂಧಿಕರ ಮನೆಯಲ್ಲಿ ಮಾಡಿಕೊಂಡರೂ ಸರಿ.

ಇನ್ನೊಂದು, ಎಂಎಸ್ ಆಫೀಸ್. ನಮ್ಮ ದೇಶದಲ್ಲಿ ಮಾರುವ ಅನೇಕ ಲ್ಯಾಪ್‌ಟಾಪ್‌ಗಳ ಬೆಲೆಯಲ್ಲೇ ಆಫೀಸ್ ಸೇರಿರುತ್ತದೆ. ಡಬ್ಬಿಯ ಮೇಲಿನ ಚೀಟಿಯನ್ನೂ ಬಿಲ್ಲನ್ನೂ ನೋಡಿ. ಇದ್ದರೆ ಮೊದಲ ವಾರದಲ್ಲೇ ವರ್ಡ್ ತೆರೆದು, ವಿದ್ಯಾರ್ಥಿಯ ಖಾತೆಯಿಂದ ಅದನ್ನು ಸಕ್ರಿಯಗೊಳಿಸಿಕೊಳ್ಳಿ. ದುಡ್ಡು ಕೊಟ್ಟು ಕೊಂಡ ಅಸಲಿ ಆಫೀಸ್ ಒಳಗಿರುವಾಗಲೇ ಅದರ ಮೇಲೆ ನಕಲಿ ಆಫೀಸ್ ಹಾಕಿಸಿಕೊಂಡು, ಅದಕ್ಕೂ ದುಡ್ಡು ತೆತ್ತವರನ್ನು ನಾನು ನೋಡಿದ್ದೇನೆ.

ಪುಕ್ಕಟೆ ಎಂಬ ನಕಲಿ ಪ್ರತಿಗಳು

ಕ್ರ್ಯಾಕ್ ಎಂದರೇನು? ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶದ ಬೀಗವನ್ನು ಮುರಿದು ಹಂಚುವ ಪ್ರತಿ. ಬೀಗ ಮುರಿಯಲು ಜೊತೆಗೊಂದು ಪುಟ್ಟ ಪ್ರೋಗ್ರಾಂ ಕೊಟ್ಟಿರುತ್ತಾರೆ. ಅದನ್ನು ಓಡಿಸುವ ಮುಂಚೆ ಅಂಗಡಿಯವರು ಮಾಡುವ ಮೊದಲ ಕೆಲಸ ಡಿಫೆಂಡರನ್ನು ಆಫ್ ಮಾಡುವುದು, ಇಲ್ಲದಿದ್ದರೆ ಅದು ತಡೆಯುತ್ತದೆ. ಕಾವಲುಗಾರನನ್ನು ಮನೆಗೆ ಕಳಿಸಿ, ಗುರುತಿಲ್ಲದವನನ್ನು ಒಳಗೆ ಬಿಟ್ಟಂತಾಯಿತು. ಒಳಗೆ ಬಂದವನು ಆಫೀಸನ್ನು ತೆರೆದುಕೊಡುತ್ತಾನೆ ನಿಜ, ಬೇರೇನು ಮಾಡುತ್ತಾನೆಂದು ನೋಡಲು ಅಲ್ಲಿ ಯಾರೂ ಇಲ್ಲ.

ಬೇರೇನು ಮಾಡುತ್ತಾನೆ ಎಂಬುದಕ್ಕೆ ಒಂದು ಉದಾಹರಣೆ. ಸ್ಟಾಪ್ ಅಥವಾ ಡಿಜಾವು ಎಂದು ಕರೆಯುವ ರಾನ್ಸಮ್‌ವೇರ್ ಕುಟುಂಬವೊಂದಿದೆ. 2018ರ ಸುಮಾರಿನಿಂದ ಅದು ಮುಖ್ಯವಾಗಿ ಹರಡಿದ್ದೇ ಇಂಥ ಕ್ರ್ಯಾಕ್ ಪ್ರತಿಗಳ ಮೂಲಕ. ಕಂಪ್ಯೂಟರಿನಲ್ಲಿರುವ ಫೋಟೋ, ಲೆಕ್ಕ, ಬರಹ ಎಲ್ಲವನ್ನೂ ಅದು ಗೂಢಲಿಪಿಗೆ ತಿರುಗಿಸಿ, ಬಿಡಿಸಬೇಕಾದರೆ ಡಾಲರ್ ಲೆಕ್ಕದಲ್ಲಿ ಹಣ ಕೇಳುತ್ತದೆ. ನನಗೆ ಪರಿಚಯದ ಬಿಸಿಎ ವಿದ್ಯಾರ್ಥಿನಿಯೊಬ್ಬಳ ಅಂತಿಮ ವರ್ಷದ ಪ್ರಾಜೆಕ್ಟ್ ವರದಿ, ಸಲ್ಲಿಸಲು ಹತ್ತು ದಿನ ಇರುವಾಗ ಹೀಗೇ ಹೋಯಿತು. ಚುಚ್ಚಿಟ್ಟಿದ್ದ ಪೆನ್‌ಡ್ರೈವ್‌ನಲ್ಲಿದ್ದ ಪ್ರತಿಯೂ ಜೊತೆಗೇ ಹೋಯಿತು. ಕೊನೆಗೆ ಕೈಹಿಡಿದದ್ದು ಗೆಳತಿಗೆ ಎರಡು ವಾರದ ಹಿಂದೆ ಇ-ಮೇಲ್‌ನಲ್ಲಿ ಕಳಿಸಿದ್ದ ಅರ್ಧ ವರದಿ. ಉಳಿದರ್ಧವನ್ನು ರಾತ್ರಿ ಹಗಲು ಕೂತು ಮತ್ತೆ ಬರೆದಳು. ಅವಳ ತಂದೆ ಲ್ಯಾಪ್‌ಟಾಪ್‌ಗಾಗಿ ಮಾಡಿದ ಸಾಲದ ಕಂತು ಆಗ ಇನ್ನೂ ಮುಗಿದಿರಲಿಲ್ಲ.

ಕಾನೂನಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ, ನಕಲಿ ಎಂದು ತಿಳಿದೂ ಕಂಪ್ಯೂಟರ್ ತಂತ್ರಾಂಶದ ಪ್ರತಿಯನ್ನು ಬಳಸುವುದು ಅಪರಾಧ. ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸಜೆ, 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ಎಂದು ಅಲ್ಲಿದೆ. ವ್ಯಾಪಾರದ ಲಾಭಕ್ಕಾಗಿ ಬಳಸದಿದ್ದರೆ ನ್ಯಾಯಾಲಯ ಸಜೆ ಬಿಟ್ಟು 50,000ದವರೆಗಿನ ದಂಡವನ್ನಷ್ಟೇ ವಿಧಿಸಬಹುದು. ವಿದ್ಯಾರ್ಥಿಯ ಮನೆಗೆ ಪೊಲೀಸರು ಬರುತ್ತಾರೆಂದು ಹೆದರಿಸಲು ಇದನ್ನು ಬರೆಯುತ್ತಿಲ್ಲ. ದಾನಿಗಳ ಹಣದಲ್ಲಿ ಬಂದ ಯಂತ್ರ ಒಂದು ಅಮಾನತ್. ಅದರೊಳಗೆ ಕದ್ದ ಮಾಲು ಇರುವುದು ಯಾರಿಗೂ ಶೋಭೆಯಲ್ಲ, ಅದೂ ಅಸಲಿಯಾದದ್ದು ಉಚಿತವಾಗಿಯೇ ಸಿಗುತ್ತಿರುವಾಗ.

ಹಾಗಾದರೆ ಏನು ಹಾಕಬೇಕು?

ಬರೆಯಲು, ಲೆಕ್ಕ ಹಾಕಲು, ಸ್ಲೈಡ್ ಮಾಡಲು ಲಿಬ್ರೆಆಫೀಸ್. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಈ ತಂತ್ರಾಂಶ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ಹಂಚಬಹುದು. ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಕಡತಗಳನ್ನು ತೆರೆಯುತ್ತದೆ, ಅದೇ ರೂಪದಲ್ಲಿ ಉಳಿಸುತ್ತದೆ. ಕನ್ನಡದ ಮೆನು ಕೂಡ ಇದೆ. ಅದರ ಮಿತಿಯನ್ನೂ ಹೇಳಬೇಕು. ಎಕ್ಸೆಲ್‌ನ ಮ್ಯಾಕ್ರೋಗಳು ಎಲ್ಲವೂ ಅದರಲ್ಲಿ ನಡೆಯುವುದಿಲ್ಲ, ಪವರ್‌ಪಾಯಿಂಟ್‌ನಲ್ಲಿ ಮಾಡಿದ ಸ್ಲೈಡುಗಳ ಸಾಲು, ಅಕ್ಷರದ ಅಳತೆ ಕೆಲವೊಮ್ಮೆ ಜರುಗುತ್ತದೆ. ಆದ್ದರಿಂದ ಕಾಲೇಜಿಗೆ ಸಲ್ಲಿಸುವ ಪ್ರತಿಯನ್ನು ಪಿಡಿಎಫ್ ಮಾಡಿ ಕೊಡಿ. ಪಿಡಿಎಫ್ ಮಾಡುವ ಗುಂಡಿ ಅದರ ಮೇಲ್ಪಟ್ಟಿಯಲ್ಲೇ ಇದೆ, ಬೇರೆ ತಂತ್ರಾಂಶ ಬೇಡ. ಇಂಟರ್ನೆಟ್ ಚೆನ್ನಾಗಿರುವವರು ಮೈಕ್ರೋಸಾಫ್ಟ್‌ನ ವೆಬ್ ಆವೃತ್ತಿಯ ವರ್ಡ್, ಎಕ್ಸೆಲ್ ಅಥವಾ ಗೂಗಲ್ ಡಾಕ್ಸ್ ಬಳಸಿದರೂ ಆಯಿತು, ಅವೂ ಉಚಿತ. ಕಾಲೇಜು ಅಧಿಕೃತ ಇ-ಮೇಲ್ ಕೊಟ್ಟಿದ್ದರೆ ಅದರ ಮೂಲಕ ಆಫೀಸ್ ಉಚಿತವಾಗಿ ಸಿಗುತ್ತದೆಯೇ ಎಂದು ಕಂಪ್ಯೂಟರ್ ವಿಭಾಗದಲ್ಲಿ ಒಮ್ಮೆ ಕೇಳಿ.

ಲಿಬ್ರೆಆಫೀಸ್ ಕಲಿಯುವುದು ಹೇಗೆ ಎಂಬ ಚಿಂತೆ ಬೇಡ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಇಂಥ ತಂತ್ರಾಂಶಗಳ ಕಿರುಪಾಠಗಳು ಕನ್ನಡ ಧ್ವನಿಯಲ್ಲೂ ಇವೆ. ಒಂದೊಂದೂ ಸುಮಾರು ಹತ್ತು ನಿಮಿಷ. ಕೇಳುತ್ತ, ನಿಲ್ಲಿಸುತ್ತ, ಪಕ್ಕದಲ್ಲೇ ಮಾಡಿ ನೋಡಬಹುದು. ಮೂವತ್ತು ವರ್ಷ ಪಾಠ ಮಾಡಿದವನಾಗಿ ಹೇಳುತ್ತೇನೆ, ಒಳ್ಳೆಯ ಪಾಠಗಳು.

ಬ್ರೌಸರ್ ಆಗಿ ವಿಂಡೋಸ್‌ನಲ್ಲಿರುವ ಎಡ್ಜ್ ಸಾಕು. ಆದರೂ ಫೈರ್‌ಫಾಕ್ಸ್ ಹಾಕಿ, ಅದಕ್ಕೆ ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆ ಜೋಡಿಸಿಕೊಳ್ಳಿ ಎಂಬುದು ನನ್ನ ಸಲಹೆ. ಕಾರಣವಿದೆ. ಯಾವುದೇ ತಂತ್ರಾಂಶವನ್ನು ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಕಾಣುವುದು ಕೆಲವೊಮ್ಮೆ ಜಾಹೀರಾತು, ಪುಟದೊಳಗೆ ದೊಡ್ಡದಾಗಿ ಹಸಿರಾಗಿ ಮಿನುಗುವ ಡೌನ್‌ಲೋಡ್ ಗುಂಡಿಯೂ ಜಾಹೀರಾತೇ. ಮಕ್ಕಳು ಅದನ್ನೇ ಒತ್ತುತ್ತಾರೆ. ತಂತ್ರಾಂಶವನ್ನು ಅದರ ಮೂಲ ತಾಣದಿಂದಲೇ ಇಳಿಸಿಕೊಳ್ಳಬೇಕು. ಲಿಬ್ರೆಆಫೀಸ್‌ಗೆ ಲಿಬ್ರೆಆಫೀಸ್ ಡಾಟ್ ಆರ್ಗ್, ವಿಎಲ್‌ಸಿಗೆ ವಿಡಿಯೋಲ್ಯಾನ್ ಡಾಟ್ ಆರ್ಗ್. ವಿಳಾಸವನ್ನು ಮೇಲಿನ ಪಟ್ಟಿಯಲ್ಲಿ ನೇರವಾಗಿ ಟೈಪ್ ಮಾಡುವುದೇ ಕ್ಷೇಮ.

ವಿಎಲ್‌ಸಿ ಎಂದೆನಲ್ಲ, ಎಲ್ಲ ಬಗೆಯ ವಿಡಿಯೋ, ಆಡಿಯೋ ಕಡತಗಳನ್ನು ಓಡಿಸುವ ಪ್ಲೇಯರ್ ಅದು. ಅದು ಹುಟ್ಟಿದ್ದು 1996ರಲ್ಲಿ ಪ್ಯಾರಿಸ್‌ನ ಎಕೋಲ್ ಸೆಂಟ್ರಾಲ್ ಎಂಬ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ. ಅವರಿಗೆ ಕ್ಯಾಂಪಸ್‌ನಲ್ಲಿ ವೇಗದ ನೆಟ್‌ವರ್ಕ್ ಬೇಕಿತ್ತು. ಅದರ ಮೇಲೆ ವಿಡಿಯೋ ಕಳಿಸಿ ತೋರಿಸುವ ಯೋಜನೆ ಹಾಕಿಕೊಂಡರು. 2001ರಲ್ಲಿ ಅದು ಮುಕ್ತ ತಂತ್ರಾಂಶವಾಗಿ ಜಗತ್ತಿಗೆಲ್ಲ ಸಿಕ್ಕಿತು. ಜಾಹೀರಾತಿಲ್ಲ, ಶುಲ್ಕವಿಲ್ಲ. ನಮ್ಮ ಮಕ್ಕಳಿಗೆ ಇಂಥ ಕಥೆ ಗೊತ್ತಿರಬೇಕು.

ಕುಗ್ಗಿಸಿದ ಕಡತ ಬಿಡಿಸಲು 7-ಜಿಪ್. ಪಿಡಿಎಫ್ ಓದಲು ಬೇರೇನೂ ಬೇಡ, ಬ್ರೌಸರೇ ತೆರೆಯುತ್ತದೆ. ಚಿತ್ರ ತಿದ್ದಲು ಜಿಂಪ್, ಧ್ವನಿ ತಿದ್ದಲು ಆಡಾಸಿಟಿ, ಬೇಕಾದವರಿಗೆ ಮಾತ್ರ. "ಇರಲಿ" ಎಂದು ಎಲ್ಲವನ್ನೂ ತುಂಬಿಕೊಳ್ಳಬೇಡಿ, 8 ಜಿಬಿ ರ‍್ಯಾಮ್‌ನ ಯಂತ್ರವೂ ಹೊರೆ ಹೆಚ್ಚಾದರೆ ತೆವಳುತ್ತದೆ.

ಕಣ್ಣು ಕಾಣದ ಅಥವಾ ಮಂದದೃಷ್ಟಿಯ ಮಕ್ಕಳಿರುವ ಮನೆಯವರು ಎನ್‌ವಿಡಿಎ ಎಂಬ ಹೆಸರನ್ನು ಗುರುತು ಹಾಕಿಕೊಳ್ಳಿ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಇದು. ದೃಷ್ಟಿಯಿಲ್ಲದ ಇಬ್ಬರು ಆಸ್ಟ್ರೇಲಿಯನ್ನರು ಕಟ್ಟಿ ಬೆಳೆಸಿದ ಇದರ ಕೆಲಸ ಶುರುವಾದದ್ದು 2006ರಲ್ಲಿ. ಇದೇ ಕೆಲಸದ ವಾಣಿಜ್ಯ ತಂತ್ರಾಂಶಗಳು ಬಡ ಕುಟುಂಬ ಮುಟ್ಟಲಾರದಷ್ಟು ದುಬಾರಿ, ಇದು ಉಚಿತ. ಇದರ ಜೊತೆಗೇ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಯಂತ್ರದ ದನಿಯೇ, ಆದರೆ ಕಿವಿಗೆ ಒಗ್ಗುತ್ತದೆ.

ಕನ್ನಡ, ಉರ್ದು ಟೈಪಿಂಗ್

ಅರ್ಜಿಯ ಜೊತೆ ಮಕ್ಕಳು ಕನ್ನಡದಲ್ಲಿ ಟೈಪ್ ಮಾಡಿ ಕಳಿಸುವ ಪತ್ರಗಳಲ್ಲಿ ಕೆಲವನ್ನು ನಮಗೆ ಓದಲಿಕ್ಕೇ ಆಗುವುದಿಲ್ಲ. ತೆರೆದರೆ ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿಕೊಂಡಿರುತ್ತವೆ. ತಪ್ಪು ಮಗುವಿನದಲ್ಲ. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿರುತ್ತಾರೆ. ಹಳೆಯ ವಿಧಾನದಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ, ಆ ಫಾಂಟ್ ಮಾತ್ರ ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚಿಬೀಳುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ. ಯಾವ ಮೊಬೈಲ್, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ.

ಯೂನಿಕೋಡ್ ಕನ್ನಡಕ್ಕೆ ಏನನ್ನೂ ಕೊಳ್ಳಬೇಕಿಲ್ಲ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್ ತೆರೆದು ಕನ್ನಡವನ್ನು ಸೇರಿಸಿದರೆ ಕೀಲಿಮಣೆ ಬರುತ್ತದೆ. ವಿಂಡೋಸ್ ಗುಂಡಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಇಂಗ್ಲಿಷ್‌ಗೂ ಕನ್ನಡಕ್ಕೂ ಓಡಾಡಬಹುದು. 2019ರ ವಿಂಡೋಸ್ 10 ಅಪ್‌ಡೇಟ್‌ನಿಂದ ಈಚೆಗೆ ಉಚ್ಚಾರಣೆಯಂತೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಫೊನೆಟಿಕ್ ಕೀಲಿಮಣೆಯೂ ಇದೆ. ಮೊಬೈಲ್‌ನಲ್ಲಿ ಹಾಗೆ ಟೈಪ್ ಮಾಡಿ ರೂಢಿಯಾದ ಮಕ್ಕಳಿಗೆ ಇದು ಸಲೀಸು. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಬಳಕೆಯಾಗುವ ಕೀಲಿ ವಿನ್ಯಾಸ ಕಲಿತಿರುವವರು ಕನ್ನಡ ಗಣಕ ಪರಿಷತ್ತಿನ ನುಡಿಯನ್ನೇ ಹಾಕಿಕೊಳ್ಳಲಿ, ಆದರೆ ಅದರಲ್ಲಿ ಯೂನಿಕೋಡ್ ಆಯ್ಕೆ ಮಾಡಿಕೊಂಡಿರಲಿ. ಲಿಬ್ರೆಆಫೀಸ್‌ನಲ್ಲಿ ಕನ್ನಡ ಬರೆಯುವವರು ಟೂಲ್ಸ್, ಆಪ್ಶನ್ಸ್, ಲ್ಯಾಂಗ್ವೇಜಸ್ ಎಂಬಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಗುರುತು ಹಾಕಿ ಕನ್ನಡ ಆರಿಸಿದರೆ ಅಕ್ಷರದ ಗಾತ್ರ, ದಪ್ಪ ಬದಲಿಸುವುದು ಸರಿಯಾಗಿ ನಡೆಯುತ್ತದೆ.

ಉರ್ದು ಮಾಧ್ಯಮದಲ್ಲಿ ಓದಿದ ಮಕ್ಕಳದೂ ಇದೇ ಪಾಡು. ಇನ್‌ಪೇಜ್‌ನ ಹಳೆಯ ಆವೃತ್ತಿಗಳಲ್ಲಿ ಮಾಡಿದ ಕಡತ ಇನ್‌ಪೇಜ್ ಇಲ್ಲದ ಕಡೆ ತೆರೆಯುವುದಿಲ್ಲ. ಪತ್ರಿಕೆ, ಪುಸ್ತಕ ಅಚ್ಚು ಹಾಕುವವರಿಗೆ ಅದು ಬೇಕಾಗಬಹುದು, ವಿದ್ಯಾರ್ಥಿಗೆ ಬೇಡ. ವಿಂಡೋಸ್‌ನಲ್ಲಿ ಉರ್ದು ಕೀಲಿಮಣೆಯನ್ನೂ ಹೀಗೆಯೇ ಸೇರಿಸಿಕೊಳ್ಳಬಹುದು. ನಸ್ತಾಲೀಖ್ ಬರಹಕ್ಕೆ ಗೂಗಲ್‌ನ ನೋಟೋ ನಸ್ತಾಲೀಖ್ ಉರ್ದು ಎಂಬ ಉಚಿತ ಫಾಂಟ್ ಇದೆ.

ಓದುವ ವಿಷಯಕ್ಕೆ ತಕ್ಕಂತೆ

ಬಿ.ಕಾಂ. ಮಕ್ಕಳಿಗೆ ಟ್ಯಾಲಿ ಬೇಕೇ ಬೇಕು, ಅದಕ್ಕಾಗಿಯೇ ಕ್ರ್ಯಾಕ್ ಹಾಕಿಸುತ್ತಾರೆ. ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿಯದು. ಅದನ್ನು ಕಂಪನಿಯ ತಾಣದಿಂದಲೇ ಇಳಿಸಿಕೊಂಡು ಎಜುಕೇಶನಲ್ ಮೋಡ್‌ನಲ್ಲಿ ಲೈಸೆನ್ಸ್ ಇಲ್ಲದೆ ತೆರೆಯಬಹುದು. ಒಂದೇ ಕಟ್ಟುಪಾಡು, ತಿಂಗಳ 1, 2 ಮತ್ತು ಕೊನೆಯ ತಾರೀಕಿನ ನಮೂದುಗಳನ್ನಷ್ಟೇ ಹಾಕಲು ಬಿಡುತ್ತದೆ. ಅಂಗಡಿಯ ಲೆಕ್ಕ ಇಡಲು ಇದು ಆಗದು, ಕಲಿಯಲು ಧಾರಾಳ ಸಾಕು. ಸಿವಿಲ್, ಮೆಕ್ಯಾನಿಕಲ್ ಓದುವವರಿಗೆ ಆಟೋಕ್ಯಾಡ್‌ನ ಕಂಪನಿಯೇ ವಿದ್ಯಾರ್ಥಿಗಳಿಗೆ ಉಚಿತ ಪರವಾನಗಿ ಕೊಡುತ್ತದೆ. ಕಾಲೇಜಿನಲ್ಲಿ ಓದುತ್ತಿರುವುದಕ್ಕೆ ಪುರಾವೆ ಕೊಟ್ಟು ವರ್ಷವರ್ಷವೂ ನವೀಕರಿಸಿಕೊಳ್ಳಬೇಕು. ಪ್ರೋಗ್ರಾಮಿಂಗ್ ಕಲಿಯುವವರಿಗೆ ಪೈಥಾನ್, ವಿಎಸ್ ಕೋಡ್, ಸಿ ಭಾಷೆಗೆ ಕೋಡ್‌ಬ್ಲಾಕ್ಸ್, ಎಲ್ಲವೂ ಉಚಿತ. ಮ್ಯಾಟ್‌ಲ್ಯಾಬ್ ಬದಲು ಅಭ್ಯಾಸಕ್ಕೆ ಆಕ್ಟೇವ್ ಇದೆ.

ಹೈಸ್ಕೂಲು, ಪಿಯುಸಿ ಮಕ್ಕಳಿರುವ ಮನೆಯಲ್ಲಿ ಜಿಯೋಜೀಬ್ರಾ ಇರಲೇಬೇಕು ಎನ್ನುತ್ತೇನೆ. ಗಣಿತದ ಮೇಷ್ಟ್ರ ಪಕ್ಷಪಾತ ಎಂದುಕೊಂಡರೂ ಚಿಂತೆಯಿಲ್ಲ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಎಂಬ ವಿದ್ಯಾರ್ಥಿ ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ 2001ರಲ್ಲಿ ಶುರು ಮಾಡಿದ ಕೆಲಸ ಇದು. ಒಂದು ವೃತ್ತ ಬರೆದು, ಅದರ ಮೇಲಿನ ಬಿಂದುವನ್ನು ಮೌಸ್‌ನಿಂದ ಎಳೆಯುತ್ತಾ ಹೋದರೆ ಅರ್ಧವೃತ್ತದಲ್ಲಿನ ಕೋನ ಎಲ್ಲಿ ನಿಲ್ಲಿಸಿದರೂ 90 ಡಿಗ್ರಿಯೇ ಆಗಿರುವುದು ಕಣ್ಣಿಗೆ ಕಾಣುತ್ತದೆ. ಕಪ್ಪುಹಲಗೆಯ ಮೇಲೆ ನಾಲ್ಕು ಚಿತ್ರ ಬರೆದು ನಾನು ಒಪ್ಪಿಸಲು ಹೆಣಗಾಡುತ್ತಿದ್ದ ಪ್ರಮೇಯ ಅದು.

ಅರ್ಜಿ, ದಾಖಲೆ ಮತ್ತು ವಂಚನೆಯ ಕರೆಗಳು

ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ಗೂ ನಮ್ಮ ರಾಜ್ಯದ ಎಸ್‌ಎಸ್‌ಪಿಗೂ ಅರ್ಜಿ ಹಾಕುವಾಗ ದಾಖಲೆಗಳು ಬೇಕಾಗುತ್ತವೆ. ಅಪ್‌ಲೋಡ್ ಮಾಡಬೇಕಾದ ಕಡತದ ಗಾತ್ರ ಮಿತಿ ಮೀರಿದರೆ ಮಕ್ಕಳು ಯಾವುದೋ ಗುರುತಿಲ್ಲದ ತಾಣಕ್ಕೆ ಆಧಾರ್, ಆದಾಯ ಪ್ರಮಾಣಪತ್ರ ಹಾಕಿ "ಸೈಜ್ ಕಡಿಮೆ" ಮಾಡಿಕೊಳ್ಳುತ್ತಾರೆ. ಆ ಪ್ರತಿ ಅಲ್ಲಿ ಯಾರ ಕೈ ಸೇರುತ್ತದೋ ಬಲ್ಲವರಾರು? ಫೋಟೋವನ್ನು ಲಿಬ್ರೆಆಫೀಸ್‌ನಲ್ಲಿ ಹಾಕಿ, ಪಿಡಿಎಫ್ ಮಾಡುವಾಗ ಚಿತ್ರದ ಗುಣಮಟ್ಟ ಮತ್ತು ರೆಸಲ್ಯೂಶನ್ ತಗ್ಗಿಸಿದರೆ ಮನೆಯಲ್ಲೇ ಕೆಲಸ ಮುಗಿಯುತ್ತದೆ. ಡಿಜಿಲಾಕರ್‌ನಲ್ಲಿ ಸಿಗುವ ದಾಖಲೆಗಳನ್ನು ಅಲ್ಲಿಂದಲೇ ಪಿಡಿಎಫ್ ಆಗಿ ತೆಗೆದುಕೊಳ್ಳಿ. ಮೊಬೈಲ್‌ನಲ್ಲಿ ಓರೆಯಾಗಿ ತೆಗೆದ ಫೋಟೋಗಿಂತ ಅದು ಎಷ್ಟೋ ಸ್ಪಷ್ಟ. ಆಧಾರ್ ಪ್ರತಿ ಕೊಡಬೇಕಾದ ಖಾಸಗಿ ಜಾಗಗಳಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುತ್ತದೆಯೇ ಎಂದು ಮೊದಲು ಕೇಳಿ.

ಇನ್ನು ಹಾಕಲೇಬಾರದ ತಂತ್ರಾಂಶದ ಮಾತು. "ನಿಮ್ಮ ಮಗಳ ಸ್ಕಾಲರ್‌ಶಿಪ್ ಮಂಜೂರಾಗಿದೆ, ಹಣ ಜಮಾ ಮಾಡಲು ಈ ಆ್ಯಪ್ ಹಾಕಿಕೊಳ್ಳಿ" ಎಂದು ಕರೆ ಬರುತ್ತದೆ. ಅವರು ಹಾಕಿಸುವುದು ಎನಿಡೆಸ್ಕ್‌ನಂಥ ದೂರನಿಯಂತ್ರಣ ತಂತ್ರಾಂಶ. ಅದು ಕೆಟ್ಟ ತಂತ್ರಾಂಶವಲ್ಲ, ಕಚೇರಿಗಳಲ್ಲಿ ದೂರದಿಂದ ಕಂಪ್ಯೂಟರ್ ಸರಿಪಡಿಸಲು ಬಳಸುತ್ತಾರೆ. ಆದರೆ ನೀವು ಅದರ ಸಂಖ್ಯೆ ಹೇಳಿ ಒಪ್ಪಿಗೆ ಕೊಟ್ಟ ಮೇಲೆ ನಿಮ್ಮ ಪರದೆ ಅವರ ಪರದೆಯಾಗುತ್ತದೆ, ಬರುವ ಒಟಿಪಿಯೂ ಅವರಿಗೆ ಕಾಣುತ್ತದೆ. ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳಿಗೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ವಿದ್ಯಾರ್ಥಿವೇತನ ಕೊಡುವ ಯಾವ ಇಲಾಖೆಯೂ, ಯಾವ ಟ್ರಸ್ಟೂ, ಹಣ ಜಮಾ ಮಾಡಲು ನಿಮ್ಮ ಕಂಪ್ಯೂಟರ್ ನೋಡಬೇಕಾಗಿಲ್ಲ. ಹಣ ಹೋದದ್ದು ತಿಳಿದ ಕ್ಷಣವೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು.

ಮುಖ್ಯ ಕಡತಗಳ ಇನ್ನೊಂದು ಪ್ರತಿ ಗೂಗಲ್ ಡ್ರೈವ್‌ನಲ್ಲಿರಲಿ, 15 ಜಿಬಿ ಜಾಗ ಉಚಿತ. ಪೆನ್‌ಡ್ರೈವ್‌ನಲ್ಲೂ ಒಂದಿರಲಿ, ಆದರೆ ಪ್ರತಿ ಮಾಡಿದ ಮೇಲೆ ಅದನ್ನು ಕಿತ್ತಿಡಿ. ಆ ಬಿಸಿಎ ಹುಡುಗಿಯ ಪೆನ್‌ಡ್ರೈವ್ ನೆನಪಿರಲಿ.

ಹಳೆಯ ಲ್ಯಾಪ್‌ಟಾಪ್ ಕೊಡಬಯಸುವ ದಾನಿಗಳಿಗೆ

ಮನೆಯಲ್ಲಿ, ಕಚೇರಿಯಲ್ಲಿ ಬಳಸಿ ಬಿಟ್ಟ ಲ್ಯಾಪ್‌ಟಾಪನ್ನು ವಿದ್ಯಾರ್ಥಿಗೆ ಕೊಡಲು ಕೆಲವು ದಾನಿಗಳು ಮುಂದೆ ಬರುತ್ತಾರೆ. ಸಂತೋಷದ ಸಂಗತಿ. ಆದರೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. ಅದಕ್ಕಿಂತ ಹಳೆಯ ಯಂತ್ರಗಳನ್ನು ಎಸೆಯಬೇಕಿಲ್ಲ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ 4 ಜಿಬಿ ರ‍್ಯಾಮ್‌ನಲ್ಲಿ ಆರಾಮವಾಗಿ ಓಡುತ್ತದೆ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಅದರಲ್ಲಿ ಮೊದಲೇ ಇರುತ್ತವೆ. ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿ, ಸರಿಯೆನಿಸಿದರೆ ಮಾತ್ರ ಯಂತ್ರಕ್ಕೆ ಹಾಕಬಹುದು. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಎಷ್ಟೋ ವರ್ಷಗಳಿಂದ ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ, ನಮ್ಮ ಮಕ್ಕಳಿಗೆ ಅದು ಕಷ್ಟವಾಗಲು ಕಾರಣವಿಲ್ಲ. ಟ್ಯಾಲಿ, ಆಟೋಕ್ಯಾಡ್ ಮಾತ್ರ ಅದರಲ್ಲಿ ನೇರವಾಗಿ ನಡೆಯುವುದಿಲ್ಲ. ಆದ್ದರಿಂದ ಬಿ.ಕಾಂ., ಸಿವಿಲ್ ಓದುವವರಿಗೆ ವಿಂಡೋಸ್ 11 ಓಡುವ ಯಂತ್ರವನ್ನೂ, ಕಲೆ, ವಿಜ್ಞಾನ, ಬಿಸಿಎ ಓದುವವರಿಗೆ ಮಿಂಟ್ ಹಾಕಿದ್ದನ್ನೂ ಕೊಡುವುದು ವಾಸಿ.

ಕೊಡುವ ಮುಂಚೆ ನಿಮ್ಮ ಕಡತಗಳ ಪ್ರತಿ ತೆಗೆದುಕೊಂಡು, ಸೆಟ್ಟಿಂಗ್ಸ್‌ನ ರಿಕವರಿ ವಿಭಾಗದಲ್ಲಿ ರೀಸೆಟ್ ದಿಸ್ ಪಿಸಿ ಆರಿಸಿ, ರಿಮೂವ್ ಎವ್ರಿಥಿಂಗ್ ಒತ್ತಿ. ಅಲ್ಲೇ ಚೇಂಜ್ ಸೆಟ್ಟಿಂಗ್ಸ್‌ನಲ್ಲಿ ಕ್ಲೀನ್ ಡೇಟಾ ಆನ್ ಮಾಡಿದರೆ ಹಳೆಯ ಕಡತಗಳನ್ನು ಮರಳಿ ತೆಗೆಯುವುದು ಕಷ್ಟವಾಗುತ್ತದೆ. ಇದಕ್ಕೆ ಕೆಲವು ತಾಸು ಹಿಡಿಯಬಹುದು, ಚಾರ್ಜರ್ ಜೋಡಿಸಿಯೇ ಮಾಡಿ. ಆನಂತರ ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಡಿವೈಸಸ್ ಪಟ್ಟಿಯಿಂದ ಆ ಯಂತ್ರದ ಹೆಸರು ತೆಗೆಯಿರಿ. ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸಿ ಕೊಟ್ಟರೆ ಅದರ ವೇಗವೇ ಬೇರೆಯಾಗುತ್ತದೆ. ಮತ್ತು ದಯವಿಟ್ಟು ಅದೇ ಲ್ಯಾಪ್‌ಟಾಪಿನ ಚಾರ್ಜರನ್ನು ಜೊತೆಗೇ ಕಟ್ಟಿ ಕಳಿಸಿ.